ಅಪ್ಪ ಮಸೆದ ಬ್ಲೇಡು

ನಾಲ್ಕು ವರ್ಷ ನಾನು ಐಸ್ ಹಾಕಿ ಆಟಗಾರ್ತಿಯಾಗಿದ್ದೆ. ಹೀಗೆಂದ ಕೂಡಲೇ ನಮ್ಮ ಕಡೆಯವರು ಮೊದಲು ನಗುತ್ತಾರೆ, ಆಮೇಲೆ ಐಸ್ ಎಲ್ಲಿಂದ ತರುತ್ತಿದ್ದೆ ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ತುಮಕೂರಿನಲ್ಲಿ ಐಸ್ ಸಿಗುವುದು ಕಬ್ಬಿನ ಹಾಲಿನ ಗಾಡಿಯಲ್ಲಿ ಮತ್ತು ಮೀನಿನ ಅಂಗಡಿಯಲ್ಲಿ. ನಾನು ದಿನಾ ಆಡುತ್ತಿದ್ದದ್ದು ಚಕ್ರದ ಮೇಲೆ. ಬೆಳಿಗ್ಗೆ ಆರಕ್ಕೆ ಕಾಲೇಜಿನ ಹಿಂದಿನ ಸಿಮೆಂಟ್ ಅಂಗಳದಲ್ಲಿ, ಒಂದರ ಹಿಂದೆ ಒಂದು ಚಕ್ರ ಜೋಡಿಸಿದ ಶೂ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು. ವರ್ಷಕ್ಕೆ ಒಂದೆರಡು ಸಲ ಉತ್ತರದ ಊರುಗಳಲ್ಲಿ ಶಿಬಿರ ನಡೆದಾಗ ಮಾತ್ರ ನಿಜವಾದ ಐಸ್. ನಾಲ್ಕು ವರ್ಷದ ಆ ದಿನಗಳನ್ನೆಲ್ಲ ಕೂಡಿಸಿದರೂ ಮೂರು ತಿಂಗಳಾಗುವುದಿಲ್ಲ. ಆದರೂ ಯಾರಾದರೂ ಏನು ಕೆಲಸ ಎಂದರೆ "ಪ್ರೊಫೆಷನಲ್ ಪ್ಲೇಯರ್" ಎನ್ನುತ್ತಿದ್ದೆ. ಧಿಮಾಕಿಗೇನೂ ಕಮ್ಮಿಯಿರಲಿಲ್ಲ.

ಬೇಕಾಗಿದ್ದದ್ದು ಒಂದೇ, ದೇಶದ ತಂಡದ ಅಂಗಿ. ಅದೊಂದು ಮೈಮೇಲೆ ಬಂದರೆ ನಕ್ಕವರೆಲ್ಲ ಬಾಯಿ ಮುಚ್ಚುತ್ತಾರೆ ಎಂದು ನಂಬಿದ್ದೆ. ಆಟದ ಮೇಲಿನ ಪ್ರೀತಿ ಎಷ್ಟಿತ್ತೋ, ಈ ಹಟವೂ ಅಷ್ಟೇ ಇತ್ತು. ಈಗ ಯೋಚಿಸಿದರೆ ಹಟವೇ ಒಂದು ಕೈ ಮೇಲಿತ್ತು.

ನಮ್ಮ ಮನೆ ಕುಣಿಗಲ್‌ನಲ್ಲಿ. ಅಪ್ಪ ಹೆದ್ದಾರಿ ಬದಿಯಲ್ಲಿ ಎಳನೀರು ಮಾರುತ್ತಾನೆ. ಅವನಿಗೆ ಮಚ್ಚಿನ ಮೇಲಿರುವ ಭಕ್ತಿ ದೇವರ ಮೇಲೂ ಇಲ್ಲ. ಮೂರೇ ಏಟಿಗೆ ಕಾಯಿಯ ತಲೆ ಹಾರಬೇಕು, ನಾಲ್ಕನೆಯದು ಬಿದ್ದರೆ ಅವತ್ತೆಲ್ಲ ಅವನ ಮುಖ ಸಣ್ಣಗಿರುತ್ತದೆ. ದಿನಾ ಬೆಳಿಗ್ಗೆ ಕಲ್ಲಿಗೆ ನೀರು ಚಿಮುಕಿಸಿ ಮಸೆಯುತ್ತಾನೆ, ಹೆಬ್ಬೆರಳ ಉಗುರಿನ ಮೇಲೆ ಅಂಚನ್ನಿಟ್ಟು ನೋಡುತ್ತಾನೆ, ತೃಪ್ತಿಯಾಗದಿದ್ದರೆ ಮತ್ತೆ ಮಸೆಯುತ್ತಾನೆ. ನಮ್ಮ ಬೀದಿಯ ಈಳಿಗೆಮಣೆ, ಕುಡುಗೋಲುಗಳೆಲ್ಲ ಅವನ ಹತ್ತಿರವೇ ಬರುತ್ತವೆ. ಮೊಂಡಾದದ್ದನ್ನು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ.

ಐಸ್ ಶೂಗಳು ತುಮಕೂರಿನಲ್ಲಿ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ಕುಣಿಗಲ್ ಮನೆಯ ಬೀರುವಿನಲ್ಲೇ ಇಟ್ಟಿರುತ್ತಿದ್ದೆ. ಅವುಗಳ ತಳದ ಬ್ಲೇಡಿನ ವಿಷಯ ಒಂದು ಮಾತು ಹೇಳಬೇಕು. ಅದು ಚಾಕುವಿನ ಹಾಗೆ ಒಂದೇ ಅಂಚಿನದಲ್ಲ. ತಳದ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ, ಅದರ ಎರಡು ಬದಿಯ ಎರಡು ಅಂಚುಗಳೇ ಐಸನ್ನು ಕಚ್ಚಿ ಹಿಡಿಯುವುದು. ತೋಡು ಹೋದರೆ ಹಿಡಿತ ಹೋದಂತೆ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಇವರಿಗೇನು ತಿಳಿಯುತ್ತದೆ ಎಂಬ ಉಡಾಫೆ.

ಆ ವರ್ಷ ಆಯ್ಕೆಯ ಟ್ರಯಲ್ಸ್ ಇದ್ದದ್ದು ಆಯುಧಪೂಜೆ ಕಳೆದು ಒಂದು ವಾರಕ್ಕೆ. ಹಬ್ಬಕ್ಕೆ ಊರಿಗೆ ಬಂದೆ. ನಡುಮನೆಯಲ್ಲಿ ಮಣೆಯ ಮೇಲೆ ಮಚ್ಚು, ಕುಡುಗೋಲು, ಅಪ್ಪನ ಮೊಪೆಡ್ಡಿನ ಸ್ಪ್ಯಾನರು, ಅವುಗಳ ಪಕ್ಕಕ್ಕೆ ನನ್ನ ಐಸ್ ಶೂ ಜೋಡಿ. ಬ್ಲೇಡಿನ ತುಂಬ ವಿಭೂತಿ, ಕುಂಕುಮ, ಮೇಲೆ ಚೆಂಡುಹೂವು. "ನಿನ್ ಬ್ಲೇಡ್ಗೂ ಪೂಜೆ ಆಯ್ತು ಕಣವ್ವ, ಇನ್ನ ಯಾರು ಹಿಡಿಯೋರು ನಿನ್ನ?" ಎಂದ ಅಪ್ಪ. ಪೂಜೆಗಿಟ್ಟದ್ದನ್ನು ಅವತ್ತು ಯಾರೂ ಮುಟ್ಟುವಂತಿಲ್ಲ. ಮಾರನೆಯ ದಿನ ಮಂಗಳಾರತಿಯಾದ ಮೇಲೆ ಅವನೇ ಕುಂಕುಮ ಒರೆಸಿ, ಬ್ಲೇಡಿಗೆ ಪ್ಲಾಸ್ಟಿಕ್ ಕವರು ಹಾಕಿ, ಬ್ಯಾಗಿನಲ್ಲಿಟ್ಟು ಜಿಪ್ಪು ಎಳೆದ. ನಾನು ತೆಗೆದು ನೋಡಲಿಲ್ಲ. ಎರಡು ದಿನದ ರೈಲಿನಲ್ಲೂ ನೋಡಲಿಲ್ಲ.

ಟ್ರಯಲ್ಸ್ ಇದ್ದದ್ದು ಎರಡು ದಿನ. ಮೊದಲ ದಿನ ಕವರು ತೆಗೆದು ಐಸಿಗೆ ಇಳಿದೆ. ಮೊದಲ ತಿರುವಿನಲ್ಲೇ ಕಾಲು ಪಕ್ಕಕ್ಕೆ ಜಾರಿ ಸೊಂಟದ ಮೇಲೆ ಬಿದ್ದೆ. ಎದ್ದೆ, ಬಿದ್ದೆ. ನಾಲ್ಕನೆಯ ಸಲ ಗೋಡೆಗೆ ಹೋಗಿ ಬಡಿದೆ. ಹೊರಗೆ ಬಂದು ಬ್ಲೇಡನ್ನು ತಿರುಗಿಸಿ ನೋಡಿದರೆ ತೋಡು ಎಂಬುದೇ ಇಲ್ಲ. ಎರಡೂ ಬದಿಯಿಂದ ಉಜ್ಜಿ ಉಜ್ಜಿ ಒಂದೇ ಒಂದು ಚೂಪು ಅಂಚು ತೆಗೆದಿತ್ತು. ಬೆರಳಿಟ್ಟರೆ ರಕ್ತ ಬರುವಷ್ಟು ಚೂಪು. ಇದು ಯಾರ ಕೈ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಸಂಜೆ ಅಪ್ಪನ ಫೋನು. "ಬ್ಲೇಡು ಹೆಂಗಿತ್ತವ್ವ? ನಡುವೆ ಸವ್ದು ಗುಂಡಿ ಬಿದ್ದೋಗಿತ್ತು ಕಣೆ, ನೀನು ನೋಡೇ ಇರ್ಲಿಲ್ಲ ಅನ್ಸುತ್ತೆ. ಎರಡ್ ಸಂಜೆ ಕುಂತು ಅರ ಹಾಕಿ ತೆಗ್ದೆ. ಈಗ ಗಡ್ಡ ಬೇಕಾದ್ರೂ ಬೋಳಿಸ್ಬೌದು."

"ಚೆನ್ನಾಗಿತ್ತಪ್ಪ," ಎಂದೆ. ಸಿಟ್ಟು ಬರಲಿಲ್ಲ, ನಗುವೇ ಬಂತು. ಯಾಕೆಂದರೆ ನನ್ನ ಕೈಯಲ್ಲಿ ಇನ್ನೂ ಒಂದು ದಿನವಿತ್ತು. ಇನ್ನೊಂದು ದಿನ ಇರುವವರಿಗೆ ಒಳ್ಳೆಯವರಾಗಿರುವುದು ಕಷ್ಟವಲ್ಲ.

ನನ್ನ ಜೊತೆ ಕೋಣೆಯಲ್ಲಿದ್ದ ಲಡಾಖಿನ ಹುಡುಗಿ ನನ್ನ ಶೂ ಎತ್ತಿಕೊಂಡು ಐಸ್ ರಿಂಕಿನಲ್ಲಿ ಬ್ಲೇಡು ಮಸೆಯುವ ಮಷಿನ್ ಇಟ್ಟುಕೊಂಡಿದ್ದವನ ಹತ್ತಿರ ಹೋದಳು. ಅವನು ಬ್ಲೇಡನ್ನು ನೋಡಿ ತಲೆ ಚಚ್ಚಿಕೊಂಡನಂತೆ. ಆದರೂ ಕೂತು, ಅಂಚನ್ನು ಪೂರ್ತಿ ಸವೆಸಿ, ಹೊಸದಾಗಿ ತೋಡು ತೆಗೆದುಕೊಟ್ಟ. ಮೊದಲ ದಿನದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾಳೆ ಆಡು ಎಂದರು ಕೋಚ್. ಇದಕ್ಕಿಂತ ಹೆಚ್ಚು ಯಾರು ಏನು ಮಾಡುತ್ತಾರೆ?

ಎರಡನೆಯ ದಿನ ಬ್ಲೇಡು ಕಚ್ಚಿತು. ಒಂದು ಸಲವೂ ಬೀಳಲಿಲ್ಲ. ಬೀಳದೆಯೇ ಸೋತೆ. ನಾನು ತಿರುಗಿ ನಿಲ್ಲುವಷ್ಟರಲ್ಲಿ ಚೆಂಡಿನ ಬದಲು ಆಡುವ ರಬ್ಬರಿನ ಬಿಲ್ಲೆ ನನ್ನನ್ನು ದಾಟಿ ಹೋಗಿರುತ್ತಿತ್ತು. ನನಗಿಂತ ಆರು ವರ್ಷ ಚಿಕ್ಕವಳೊಬ್ಬಳು ಮೂರು ಸಲ ನನ್ನನ್ನು ಬಳಸಿಕೊಂಡು ಹೋಗಿ ಗೋಲು ಹೊಡೆದಳು, ಮೂರನೆಯ ಸಲ ಹಿಂತಿರುಗಿಯೂ ನೋಡಲಿಲ್ಲ. ಮುಗಿದ ಮೇಲೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. ನೀನು ಚಕ್ರದ ಆಟಗಾರ್ತಿ, ಒಳ್ಳೆಯ ಆಟಗಾರ್ತಿಯೇ, ಆದರೆ ಐಸು ನಿನ್ನ ಕಾಲಿಗೆ ಬಂದಿಲ್ಲ, ಈ ವಯಸ್ಸಿಗೆ ಇನ್ನು ಬರುವುದೂ ಇಲ್ಲ ಎಂದರು. ಹಿಂದಿಯಲ್ಲಿ, ತುಂಬ ಮೆತ್ತಗೆ ಹೇಳಿದರು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಅದಾದ ತಿಂಗಳಿಗೆ ಗುಬ್ಬಿಯಲ್ಲಿ ನೆಂಟರ ಮನೆಯ ಬೀಗರೂಟ. ಪಂಕ್ತಿಯಲ್ಲಿ ಮುದ್ದೆ ಬಿದ್ದು, ಸಾರು ಬರುವ ಹೊತ್ತು. ಎದುರು ಸಾಲಿನಿಂದ ಮಾವ, ಅಂದರೆ ಅಮ್ಮನ ಅಣ್ಣ, ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಏನವ್ವ ಸೊಸೆ, ಇಂಡಿಯಾ ಟೀಮು ಎಲ್ಲಿಗ್ ಬಂತು? ಇಲ್ಲ, ಐಸೆಲ್ಲ ಕರಗೋಯ್ತಾ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದ.

"ಅಪ್ಪನ್ನೇ ಕೇಳಿ ಮಾವ," ಎಂದೆ. "ಮಚ್ಚು ಮಸ್ದಂಗೆ ನನ್ ಶೂ ಮಸ್ದು ಕಳಿಸ್ದ. ಐಸ್ ಮೇಲೆ ನಿಂತ್ಕೊಳಕ್ಕೇ ಆಗ್ಲಿಲ್ಲ. ಅಲ್ಲಿಗೇ ಮುಗೀತು ನನ್ ಆಟ."

ಕೊನೆಯ ಮಾತೊಂದು ಬಿಟ್ಟರೆ ಎಲ್ಲ ನಿಜ. ಆ ಒಂದರಿಂದ ನಗು ನಿಂತಿತು, ಎಲ್ಲರ ಕಣ್ಣೂ ನನ್ನಿಂದ ಅಪ್ಪನ ಕಡೆ ತಿರುಗಿತು. ಎಷ್ಟು ಹಗುರವಾಯಿತು ಮನಸ್ಸಿಗೆ! ಅಪ್ಪ ಮುರಿದ ಮುದ್ದೆಯನ್ನು ಎಲೆಯ ಮೇಲೇ ಬಿಟ್ಟ. "ಅಯ್ಯೋ, ನಂಗ್ಯಾಕೆ ಹೇಳ್ಲಿಲ್ಲವ್ವ ನೀನು?" ಎಂದ. ಆಮೇಲೆ ಮಾವನ ಕಡೆ ನೋಡಿ, "ಹೂ ಕಣಪ್ಪ, ನಂದೇ ತಪ್ಪು," ಎಂದ. ಅಲ್ಲೇ ಆಗಲೇ ಬಾಯಿ ಬಿಡಬಹುದಿತ್ತು. ಸಾರು ಬಡಿಸುವವರು ಬಂದರು, ನಾನು ಸಾರು ಹಾಕಿಸಿಕೊಂಡೆ.

ಆಮೇಲೆ ಸುಳ್ಳನ್ನು ನಾನು ಹೊತ್ತು ತಿರುಗಬೇಕಾಗಲಿಲ್ಲ, ಅಪ್ಪನೇ ಹೊತ್ತ. ಎಳನೀರು ಕುಡಿಯಲು ನಿಂತವರಿಗೆಲ್ಲ ಹೇಳುತ್ತಿದ್ದ. ಮಗಳು ದೇಶಕ್ಕೆ ಆಡಬೇಕಿತ್ತು, ನಾನೇ ಕೆಡಿಸಿದೆ. ಬೀದಿಯವರ ಈಳಿಗೆಮಣೆ ಮಸೆದುಕೊಡುವುದನ್ನೂ ನಿಲ್ಲಿಸಿದ. ನನಗಂತೂ ಅನುಕೂಲವೇ ಆಯಿತು. ತುಮಕೂರಿನ ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಕೆಲಸಕ್ಕೆ ಹೋದಾಗ ಇಂಟರ್‌ವ್ಯೂನಲ್ಲಿ ಇದೇ ಕಥೆ ಹೇಳಿದೆ. ಹೆಡ್‌ಮಿಸ್ಸು ಲೊಚಗುಟ್ಟಿದರು, ಕೆಲಸ ಸಿಕ್ಕಿತು. ಸೋತ ಆಟಗಾರ್ತಿಗೆ ಇಲ್ಲಿ ಬೆಲೆಯಿಲ್ಲ. ಅಪ್ಪನಿಂದ ಹಾಳಾದ ಆಟಗಾರ್ತಿ ಎಂದರೆ ಕುರ್ಚಿ ಎಳೆದು ಕೂರಿಸುತ್ತಾರೆ.

ಕಳೆದ ಬೇಸಿಗೆಯಲ್ಲಿ ಆ ಲಡಾಖಿನ ಹುಡುಗಿ ಯಾವುದೋ ಚಕ್ರದ ಹಾಕಿ ಟೂರ್ನಿಗೆಂದು ಬೆಂಗಳೂರಿಗೆ ಬಂದವಳು ನನ್ನನ್ನು ನೋಡಲು ಕುಣಿಗಲ್ಲಿಗೆ ಬಸ್ಸು ಹತ್ತಿ ಬಂದಳು. ಮೈಮೇಲೆ ದೇಶದ ತಂಡದ ಅಂಗಿ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಅಪ್ಪನ ಅಂಗಡಿಗೆ ಕರೆದುಕೊಂಡು ಹೋದೆ. ಅವಳು ನನ್ನ ಜೊತೆ ಆಡಿದವಳು ಎಂದು ಗೊತ್ತಾಗುತ್ತಲೇ ಅಪ್ಪ ಮಚ್ಚು ಕೆಳಗಿಟ್ಟು ಕೈ ಮುಗಿದುಬಿಟ್ಟ. ಲಾರಿ ಡ್ರೈವರುಗಳಿಂದ ಕಲಿತ ಹಿಂದಿಯಲ್ಲಿ, ನಾನು ಓದಿದವನಲ್ಲಮ್ಮ, ಗೊತ್ತಿಲ್ಲದೆ ಇವಳ ಬ್ಲೇಡು ಹಾಳು ಮಾಡಿದೆ, ಇವಳ ಬಾಳೂ ಹಾಳಾಯಿತು ಎಂದ. ನಾನು ಬಾಯಿ ಹಾಕುವುದರೊಳಗೆ ಅವಳು ನಕ್ಕಳು.

"ಅಂಕಲ್, ಅದು ಅವತ್ತು ಸಂಜೆಯೇ ಸರಿಯಾಯಿತಲ್ಲ! ನಾನೇ ಮಷಿನ್‌ಗೆ ಕೊಟ್ಟು ತಂದೆ. ಎರಡನೇ ದಿನ ಪೂರ್ತಿ ಅದರಲ್ಲೇ ಆಡಿದಳು. ಆ ವರ್ಷ ಹುಡುಗಿಯರು ತುಂಬ ಜೋರಿದ್ದರು, ಅಷ್ಟೇ."

ಅಪ್ಪ ಅವಳ ಮುಖ ನೋಡಿದ. ನನ್ನ ಮುಖ ನೋಡಲಿಲ್ಲ. ಮಚ್ಚು ತೆಗೆದುಕೊಂಡು ಒಳ್ಳೆಯ ಕಾಯಿಯೊಂದನ್ನು ಆರಿಸಿ ಕೆತ್ತಿ ಅವಳ ಕೈಗಿಟ್ಟ. ಗಂಜಿಯನ್ನೂ ತೆಗೆದು ಕೊಟ್ಟು ಕೂರಿಸಿಕೊಂಡು ತಿನ್ನಿಸಿದ. ಆಮೇಲೆ ಅವಳು ಬಸ್ಸು ಹತ್ತಿ ಹೋದಳು.

"ಅಪ್ಪಾ," ಎಂದೆ.

"ಯಾರ್ಗೂ ಹೇಳಕ್ ಹೋಗ್ಬ್ಯಾಡ," ಎಂದ ಅಪ್ಪ, ಕೆತ್ತಿದ ಸಿಪ್ಪೆಗಳನ್ನು ಬುಟ್ಟಿಗೆ ತುಂಬುತ್ತ. "ನಿಮ್ಮವ್ವಂಗೂ ಬ್ಯಾಡ. ಗುಬ್ಬಿಯೋರ್ಗೆ, ನಿನ್ ಸ್ಕೂಲ್ನೋರ್ಗೆ ಗೊತ್ತಾದ್ರೆ ನಿನ್ ಮಾತ್ನ ಇನ್ಯಾರು ನಂಬ್ತಾರೆ? ಇರ್ಲಿ ಬುಡು. ನಂಗೆ ಹೆಂಗೂ ರೂಢಿ ಆಗೋಗೈತೆ."

ಅಷ್ಟರಲ್ಲಿ ಹಾಸನದ ಕಡೆಯಿಂದ ಬಂದ ಕಾರೊಂದು ನಿಂತಿತು. ಇಳಿದವರು ಎಳನೀರು ಹೇಳಿ, ನನ್ನ ಟ್ರ್ಯಾಕ್ ಸೂಟು ನೋಡಿ, ಮಗಳು ಏನು ಆಡ್ತಾಳೆ ಎಂದು ಅಪ್ಪನನ್ನು ಕೇಳಿದರು. ಎದ್ದು ನಿಂತು ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಅಪ್ಪ ಒಂದು ಕ್ಷಣ ನನಗಾಗಿ ಕಾದ. ಆಮೇಲೆ ಕಾಯಿ ಎತ್ತಿಕೊಂಡ.

"ಐಸ್ ಹಾಕಿ ಸಾ. ಇಂಡಿಯಾಕ್ಕೆ ಆಡ್ಬೇಕಾಗಿತ್ತು. ನಾನೇ ಕೆಡಿಸ್ಬುಟ್ಟೆ."

ಅಲ್ಲಿಯವರೆಗೆ ಆ ಮಾತನ್ನು ಅವನು ನಂಬಿ ಹೇಳಿದ್ದ. ಅವತ್ತು ನಂಬದೆ ಹೇಳಿದ, ದನಿ ಒಂದಿಷ್ಟೂ ಬೇರೆಯಾಗಲಿಲ್ಲ. ಗಿರಾಕಿ ನನ್ನ ಕಡೆ ತಿರುಗಿ ಅಯ್ಯೋ ಪಾಪ ಎಂದರು. ನಾನು ಹೌದೆಂದು ತಲೆಯಾಡಿಸಿ ಅವರಿಗೆ ಸ್ಟ್ರಾ ಕೊಟ್ಟೆ.