ಮೂಗು ಹಿಡಿದು ಹೊಡೆಸುವ ನ್ಯಾಯ

ಮಂಡ್ಯದಲ್ಲಿ ಮೇಷ್ಟ್ರಾಗುವವರಿಗೆ ತರಬೇತಿ ಕೊಡುವ ಶಾಲೆಯೊಂದರಲ್ಲಿ ಪಂಕಜಮ್ಮನವರಿಗೆ ಹುಡುಗರು ಇಟ್ಟಿದ್ದ ಅಡ್ಡಹೆಸರು ‘ಮೂಗಿನ ಮೇಡಂ’. ಅವರ ಮೂಗೇನೂ ಉದ್ದವಿರಲಿಲ್ಲ. ಉತ್ತರ ಹೇಳಿದ ಮಗು ಹೇಳದವರ ಮೂಗು ಹಿಡಿದು ಕೆನ್ನೆಗೆ ಬಾರಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ಇತ್ತಲ್ಲ, ಅದನ್ನು ನಿಲ್ಲಿಸಿ ಎಂದು ಈಕೆ ವರ್ಷವಿಡೀ ಬಡಿದುಕೊಳ್ಳುತ್ತಿದ್ದರು. ಎಪ್ಪತ್ತರ ದಶಕದ ಮಾತು. ದಂಡಂ ದಶಗುಣಂ ಎಂದು ನಂಬಿದವರಿಗೆ ಇದೆಲ್ಲ ಹೆಂಗರುಳಿನ ಗೋಳು.

ಮಂಡ್ಯದ ಗುತ್ತಲು ಬಡಾವಣೆಯಲ್ಲಿ ಬಾಡಿಗೆ ಮನೆ, ಸಣ್ಣ ವಯಸ್ಸಿಗೇ ಗಂಡ ಹೋದವರು. ತರಬೇತಿ ಹುಡುಗರು ಮಾಡುವ ಪಾಠ ನೋಡಲು ಮದ್ದೂರು, ಮಳವಳ್ಳಿ ಎಂದು ಸುತ್ತಿ ಸುತ್ತಿ ಬಸ್ಸಿನ ಕಂಡಕ್ಟರುಗಳೆಲ್ಲ ಪರಿಚಯ.

“ನೀವು ಮಗುವಿನ ಕೈಲಿ ಹೊಡೆಸ್ತೀರಿ. ಆ ಏಟು ಬೀದೀಲಿ ಅದಕ್ಕೇ ವಾಪಸ್ ಬೀಳುತ್ತೆ. ಚುರುಕಾದ ಮಗು ಇದ್ದಕ್ಕಿದ್ದ ಹಾಗೆ ಸುಮ್ಮನಾದರೆ, ಯಾರಿಗೆ ಹೆದರಿದೆ ಅಂತ ನೋಡ್ರಪ್ಪ” ಎನ್ನುತ್ತಿದ್ದರು. ಹುಡುಗರು ಕಿಸಕ್ಕೆನ್ನುತ್ತಿದ್ದರು.

ಕಿವಿಗೊಟ್ಟವನು ಭಾರತೀನಗರದ ಸಿದ್ದರಾಜು ಒಬ್ಬನೇ. ಪಾಠದ ಅಭ್ಯಾಸಕ್ಕೆಂದು ಅವನನ್ನು ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಹಾಕಿದ್ದರು. ಅಲ್ಲಿ ಐದನೇ ಕ್ಲಾಸಿನ ಬೆಟ್ಟಮ್ಮ ಬರೆದ ಲೆಕ್ಕವೆಲ್ಲ ಸರಿ, ಬಾಯಲ್ಲಿ ಕೇಳಿದರೆ ಮಾತ್ರ “ಗೊತ್ತಿಲ್ಲ ಸಾ”. ವಿಚಾರಿಸಿದ. ಹಿಂದೆ ಅವಳು ಉತ್ತರ ಹೇಳಿದಾಗ ಅವಳಿಂದ ಏಟು ತಿಂದ ಪಟೇಲರ ಮನೆಯ ಹುಡುಗರು ದಿನಾ ನಾಲೆಯ ಏರಿ ಮೇಲೆ ಅಡ್ಡಹಾಕಿ ಬಡಿಯುತ್ತಿದ್ದರು.

ಸಿದ್ದರಾಜು ಓಡಿಬಂದು ಹೇಳಿದಾಗ ಪಂಕಜಮ್ಮನವರ ಕಣ್ಣು ತುಂಬಿತು. “ಗುರುತಿಸಿದೆಯಲ್ಲಪ್ಪ, ಅಷ್ಟೇ ಸಾಕು. ಅವಳಿಗೆ ನ್ಯಾಯ ಸಿಗೋ ಹಾಗೆ ನೋಡ್ಕೊ” ಎಂದರು. ಯಾವ ನ್ಯಾಯ, ಹೇಗೆ ಎಂದು ಹೇಳಲಿಲ್ಲ. ಅಷ್ಟು ಬುದ್ಧಿ ಅವನಿಗಿದೆ ಎಂದುಕೊಂಡಿದ್ದರು.

ಪಾಪದವನೇ, ಆದರೆ ಮಹಾ ಪೆದ್ದ. ಅವನು ಚಿಕ್ಕಂದಿನಿಂದ ಶಾಲೆಯಲ್ಲಿ ಕಂಡ ನ್ಯಾಯ ಒಂದೇ. ಮಾರನೆಯ ದಿನ ಆ ಹುಡುಗರನ್ನು ಕ್ಲಾಸಿನ ಮುಂದೆ ಸಾಲಾಗಿ ನಿಲ್ಲಿಸಿ, “ಹಿಡಿಯಮ್ಮ ಮೂಗು, ಬಾರ್ಸು!” ಎಂದು ಬೆಟ್ಟಮ್ಮನಿಗೆ ಹೇಳಿದ. ಅವಳು ಒಲ್ಲೆ ಎಂದು ಅತ್ತಳು. ಗದರಿಸಿ ಹೊಡೆಸಿದ. ಮೆಲ್ಲಗೆ ಹೊಡೆದರೆ, “ಇನ್ನೂ ಜೋರಾಗಿ” ಎಂದ.

ಅವತ್ತು ಸಂಜೆ ಆ ಹುಡುಗರು ಅವಳ ಜಡೆ ಕತ್ತರಿಸಿ ನಾಲೆಗೆ ಎಸೆದರು. ಬೆಟ್ಟಮ್ಮ ಶಾಲೆಗೆ ಹೋಗುವುದನ್ನು ಬಿಟ್ಟಳು.

ಸುದ್ದಿ ತಿಳಿದು ಪಂಕಜಮ್ಮನವರು ಬಸ್ಸು ಹತ್ತಿ ಹೋದರು. ಅವಳು ಅಪ್ಪನ ಜೊತೆ ಆಲೆಮನೆಯಲ್ಲಿದ್ದಳು. ತಲೆಗೆ ಟವೆಲ್ಲು ಬಿಗಿದುಕೊಂಡು, ಬೆಲ್ಲದ ಒಲೆಗೆಂದು ಕಬ್ಬಿನ ಸಿಪ್ಪೆ ಒಣಹಾಕುತ್ತಿದ್ದಳು.

“ಓದಿದ್ದು ಸಾಕು ಬುಡಿ ಅಮ್ಮಾವ್ರೆ” ಎಂದ ಅಪ್ಪ ಕರಿಯಯ್ಯ. “ಪಟೇಲ್ರ ಗದ್ದೇಲೇ ನಾವು ಕೂಲಿ ಮಾಡ್ಬೇಕು. ಇನ್ನೊಂದ್ಸಲ ಅವ್ರ ಐಕ್ಳಿಗೆ ಇವ್ಳು ಒಡುದ್ರೆ ನಮ್ಮನ್ನ ಊರಲ್ಲಿ ಇರುಸ್ತಾರಾ?”

“ತಪ್ಪು ಮೇಷ್ಟ್ರದು ಕಣಪ್ಪ, ಮಗುವಿನದಲ್ಲ” ಎಂದು ಪಂಕಜಮ್ಮನವರು ಬೆಟ್ಟಮ್ಮನ ಕಡೆ ತಿರುಗಿದರು. “ಶಾಲೆಗೆ ಬಾಮ್ಮ. ನಾನು ನೋಡ್ಕೋತೀನಿ.”

“ನಾ ಒಡೆಯಕಿಲ್ಲ ಅಂದೆ, ಮೇಷ್ಟ್ರು ಕೇಳ್ನಿಲ್ಲ. ಆ ಮೇಷ್ಟ್ರಿಗೆ ಪಾಟ ಏಳ್ಕೊಟ್ಟೋರು ಯಾರು ಅಮ್ಮಾವ್ರೆ?”

ಪಂಕಜಮ್ಮನವರಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. “ನಾನೇ” ಎಂದರು.

ಬೆಟ್ಟಮ್ಮ ಅವರ ಮುಖವನ್ನೇ ನೋಡಿದಳು. ಆಮೇಲೆ ಹಿಂದೆ ಸರಿದು ಅಪ್ಪನ ಮರೆಗೆ ನಿಂತು, ತಲೆಯ ಟವೆಲ್ಲನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.