ಜಾಹೀರಾತು ಬಂದಾಗ ಫೋನ್ ಮಾಡಿ

ಹಬ್ಬದ ದಿನ ಟಿವಿಯಲ್ಲಿ ಹೊಸ ಸಿನಿಮಾ ನೋಡಲು ಕೂರಬೇಡಿ. ಹಬ್ಬದ ಸಿನಿಮಾ ಎಂದರೆ ಮೊದಲೇ ನೋಡಿದ್ದಾಗಿರಬೇಕು. ನಡುವೆ ಎದ್ದು ಹೋಗಿ ಉಂಡಿ ಕಟ್ಟಿ ಬಂದರೂ ಕಥೆ ಕೈ ತಪ್ಪಬಾರದು. ಅಣ್ಣ ತಮ್ಮ ಮೊದಲರ್ಧದಲ್ಲಿ ಜಗಳಾಡಿ ಬೇರೆಯಾಗಿ, ಕೊನೆಗೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವಂಥ ಚಿತ್ರ ನನಗೆ ಇಷ್ಟ. ದೆವ್ವದ ಸಿನಿಮಾ ಮಾತ್ರ ಬೇಡ. ಹೆದರಿಕೆಗೆ ನಮ್ಮ ಕಡೆ ಹೊಳೆಯೊಂದೇ ಸಾಕು.

ಇನ್ನು, ಯಾರೂ ಬೆಲೆ ಕೊಡದ ಒಳ್ಳೆಯ ಕಾರ್ಯಕ್ರಮ ಯಾವುದೆಂದು ಕೇಳಿದರೆ, ನಮ್ಮ ಹೊಸಪೇಟೆಯ ಕೇಬಲ್ಲಿನಲ್ಲಿ ಬರುವ ಡ್ಯಾಂ ಸುದ್ದಿ ಎನ್ನುತ್ತೇನೆ. ಒಬ್ಬ ಹೆಣ್ಣುಮಗಳು ಡ್ಯಾಮಿನ ಹಳೆಯ ಫೋಟೋದ ಮುಂದೆ ಕೂತು ಒಳಹರಿವು, ಹೊರಹರಿವು ಓದುತ್ತಾಳೆ. ಸಂಗೀತವಿಲ್ಲ, ಅತ್ತೆ ಸೊಸೆಯ ಕಿರಿಕಿರಿ ಇಲ್ಲ. ಕಂಪ್ಲಿಗೆ ಕೊಟ್ಟ ನಮ್ಮ ಅಕ್ಕ ಮಾತ್ರ ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ಧಾರಾವಾಹಿಯ ಹಾಗೆ ನೋಡುತ್ತಾಳೆ. ಅವಳ ಗದ್ದೆ ಹೊಳೆಯ ದಂಡೆಗೇ ಇದೆ. ಡ್ಯಾಮಿನಿಂದ ನೀರು ಬಿಟ್ಟರೆಂದರೆ ದಂಡೆಯ ರೈತರೆಲ್ಲ ಒಂದೇ ಕೆಲಸಕ್ಕೆ ಓಡುತ್ತಾರೆ: ನೀರೆತ್ತುವ ಮೋಟಾರು ಬಿಚ್ಚಿ ಮೇಲಕ್ಕೆ ತರುವುದು. ಅದು ಒಬ್ಬನ ಕೈಲಾಗುವ ಕೆಲಸವಲ್ಲ. ಇಬ್ಬರು ಹೊರಬೇಕು, ಇನ್ನೊಬ್ಬ ದಡದಲ್ಲಿ ಹಗ್ಗ ಹಿಡಿದು ನೀರಿನ ಮೇಲೆ ಕಣ್ಣಿಟ್ಟಿರಬೇಕು.

ಆ ವರ್ಷ ನಾಗರ ಪಂಚಮಿಗೆ ಅಕ್ಕ ತವರಿಗೆಂದು ನಮ್ಮ ಮನೆಗೆ ಬಂದಿದ್ದಳು. ಮಾವ, ಅಂದರೆ ಅಕ್ಕನ ಗಂಡ, ಎಮ್ಮೆಗಳನ್ನು ನೋಡಿಕೊಂಡು ಕಂಪ್ಲಿಯಲ್ಲೇ ಉಳಿದಿದ್ದರು. ಮಧ್ಯಾಹ್ನ ಅಂಥದ್ದೇ ಅಣ್ಣ ತಮ್ಮಂದಿರ ಸಿನಿಮಾ ಶುರುವಾಯಿತು. ನನ್ನ ಮಕ್ಕಳಿಗೆ ಸಿನಿಮಾ ಬೇಕು, ಅಕ್ಕನಿಗೆ ಡ್ಯಾಂ ಸುದ್ದಿ ಬೇಕು. ದೋಣಿಮಲೈ ಗಣಿಯ ಕ್ವಾರ್ಟರ್ಸು ಖಾಲಿ ಮಾಡುವವರಿಂದ ಹಳೆಯ ಟಿವಿ, ಫ್ರಿಜ್ಜು ಕೊಂಡು ಸಂಡೂರು, ಕಂಪ್ಲಿಯಲ್ಲಿ ಮಾರಿ ಮೇಲೆ ಬಂದವನು ನಾನು. ರಿಮೋಟಿನ ವ್ಯವಹಾರ ಎಷ್ಟರದು? ಸಿನಿಮಾ ಮಕ್ಕಳಿಗೆ, ಜಾಹೀರಾತಿನ ಹೊತ್ತು ಅಕ್ಕನಿಗೆ ಎಂದು ಮುಗಿಸಿದೆ. ಗೆದ್ದವರು ತಾವೇ ಎಂದು ಎರಡೂ ಕಡೆಯವರು ಅಂದುಕೊಂಡರು. ವ್ಯವಹಾರ ಕುದುರಿಸುವುದಿದ್ದರೆ ಹಾಗೆ ಕುದುರಿಸಿ.

ಸಿನಿಮಾ ಮುಕ್ಕಾಲು ಮುಗಿದಿದ್ದಾಗ ಬಂದ ಜಾಹೀರಾತಿಗೆ ಅಕ್ಕ ಚಾನೆಲ್ ಬದಲಿಸಿದಳು. ಹೊರಹರಿವು ಹೆಚ್ಚಿಸಲಾಗಿದೆ, ಇನ್ನೂ ಹೆಚ್ಚಲಿದೆ, ನದಿ ದಂಡೆಗೆ ಯಾರೂ ಇಳಿಯಬಾರದು ಎಂದು ಆ ಹೆಣ್ಣುಮಗಳು ಓದುತ್ತಿದ್ದಳು. ಅಕ್ಕ ಮಾವನಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

"ಹೊಳಿಗೆ ಇಳದಾರ," ಎಂದಳು.

"ಅಕ್ಕಾ, ಮಾವ ಏನು ಸಣ್ಣ ಹುಡುಗನಾ? ಆಳು ಕರ್ಕೊಂಡು ಹೋಗಿರ್ತಾರ."

"ಪಂಚಮಿ ದಿನ ಯಾವ ಆಳು ಬರ್ತಾನಲೇ? ಎಲ್ಲಾರೂ ಇದ ಸಿನಿಮಾ ನೋಡಕೋಂತ ಕುಂತಾರ. ಹೊಸಾ ಮೋಟಾರು ಐತಿ ತಮ್ಮಾ. ಅದನ್ನ ಬಿಟ್ಟು ಬರೋ ಮನಷ್ಯಾರಾ ಅವರು?"

ಆ ಮೋಟಾರನ್ನು ಚೌಕಾಸಿ ಮಾಡಿ ಕೊಡಿಸಿದವನು ನಾನು. "ಇಂಥಾದ್ದು ಮತ್ತ ಸಿಗಂಗಿಲ್ಲ, ಕಣ್ಣಿನಂಗ ನೋಡ್ಕೋರಿ" ಎಂದು ಬುದ್ಧಿ ಹೇಳಿದವನೂ ನಾನೇ.

ಬೈಕ್ ಹತ್ತಿ ಕಂಪ್ಲಿ ಮುಟ್ಟುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಮಾವನ ಪಕ್ಕದ ಗದ್ದೆಯವನಿಗೆ ಫೋನ್ ಹಚ್ಚಿದೆ. ನನ್ನಿಂದಲೇ ಟಿವಿ ಕೊಂಡವನು. ಎತ್ತಲಿಲ್ಲ. ನನ್ನ ವ್ಯಾಪಾರದ ಒಂದು ಗುಟ್ಟು ಹೇಳುತ್ತೇನೆ: ಸಿನಿಮಾ ಓಡುವಾಗ ಗಿರಾಕಿ ಫೋನ್ ಎತ್ತುವುದಿಲ್ಲ, ಜಾಹೀರಾತು ಬಂದಾಗ ಎತ್ತುತ್ತಾನೆ. ಆ ಗುಟ್ಟು ಅವತ್ತು ನನ್ನ ಕುತ್ತಿಗೆಗೇ ಬಂತು. ಜಾಹೀರಾತು ಕಾಯಲು ಟಿವಿಯನ್ನು ಮತ್ತೆ ಸಿನಿಮಾಕ್ಕೆ ತಿರುಗಿಸಿದೆ. ಪರದೆಯ ಮೇಲೆ ಹಾಡು ಮುಗಿಯುತ್ತಿಲ್ಲ. ನಾಯಕ, ನಾಯಕಿ ದೋಣಿಯಲ್ಲಿ ಕೂತು ನೀರು ಚಿಮುಕಿಸುತ್ತಿದ್ದರು. ಅಕ್ಕ ಗೋಡೆಯ ಕಡೆ ತಿರುಗಿ ಕೂತಳು. ನಾನು ಒಂದೇ ನಂಬರನ್ನು ಒತ್ತುತ್ತಲೇ ಇದ್ದೆ. ಕೊನೆಗೆ ಸೋಪಿನ ಜಾಹೀರಾತು ಬಂತು. ಆ ಕಡೆ ಅವನು ಫೋನ್ ಎತ್ತಿದ.

"ಹೇಳ್ರಿ ಸಾವ್ಕಾರ್ರ! ಟಿವಿ ಮಸ್ತ್ ಐತ್ರಿ!"

"ಟಿವಿ ಸುಡ್ಲಿ! ನಮ್ಮ ಮಾವ ಮೋಟಾರು ತರಾಕ ಒಬ್ಬರ ಹೊಳಿಗೆ ಇಳದಾರ. ಇನ್ನಿಬ್ಬರನ್ನ ಕರ್ಕೊಂಡು, ಹಗ್ಗ ತಗೊಂಡು ಜಲ್ದಿ ಓಡ್ರಿ."

"ಈಗಾ? ಅಣ್ಣಾ ತಮ್ಮಾ ಕೂಡೋದು ಬರ್ತೈತಲ್ರಿ..."

"ಕೂಡ್ತಾರ, ಉಣ್ತಾರ, ಅಷ್ಟ! ದೀಪಾವಳಿಗೆ ಮತ್ತ ಹಾಕ್ತಾರ. ನಿಮಗ ದೊಡ್ಡ ಟಿವಿ ಬದ್ಲಿ ಮಾಡಿ ಕೊಡ್ತೀನಿ, ಪುಗಸಟ್ಟೆ. ಮೊದಲ ಏಳ್ರಿ!"

ಎದುರಿನವನು ಕೇಳುವ ಮೊದಲೇ ನಾನು ಕೊಡುತ್ತೇನೆ ಎಂದದ್ದು ಅದೇ ಮೊದಲು.

ಆಮೇಲೆ ನಮಗೆ ಮಾಡಲು ಏನೂ ಉಳಿಯಲಿಲ್ಲ. ಹೆಂಡತಿ ಒಲೆ ಆರಿಸಿ ಬಂದು ಅಕ್ಕನ ಬೆನ್ನಿಗೆ ಕೂತಳು. ಮಕ್ಕಳು ಸಿನಿಮಾ ಬೇಕೆನ್ನಲಿಲ್ಲ. ಡ್ಯಾಂ ಸುದ್ದಿಯ ಹೆಣ್ಣುಮಗಳು ಅದೇ ಸಾಲುಗಳನ್ನು ಅದೇ ದನಿಯಲ್ಲಿ ಮತ್ತೆ ಮತ್ತೆ ಓದುತ್ತಿದ್ದಳು.

"ನಾ ಪಂಚಮಿಗೆ ಬರಬಾರದಿತ್ತು," ಎಂದಳು ಅಕ್ಕ.

ಪಕ್ಕದ ಗದ್ದೆಯವನ ನಂಬರಿನಿಂದ ಫೋನ್ ಬಂದಾಗ ಎತ್ತಲು ನನಗೆ ಧೈರ್ಯ ಬರಲಿಲ್ಲ. ಅಕ್ಕ ನನ್ನ ಮುಖ ನೋಡುತ್ತಿದ್ದಳು. ಎತ್ತಿದೆ. ಮೊದಲು ಬರೀ ನೀರಿನ ಭೋರ್ಗರೆತ. ಆಮೇಲೆ ಯಾರೋ ಏದುಸಿರು ಬಿಡುವುದು ಕೇಳಿತು.

"ಏನಪಾ ಅಳಿಯಾ, ಎಂಥಾ ಮಂದಿನ ಕಳಿಸೀದಿ?" ಮಾವನ ದನಿಯೇ, ಸಿಟ್ಟಿನ ದನಿ. "ಮೋಟಾರಿಗೆ ಕೈ ಹಚ್ಚಿದ್ದೆ. ನನ್ನ ಸೊಂಟಕ್ಕ ಹಗ್ಗ ಹಾಕಿ ಎಳದು ದಂಡಿಗೆ ಒಗದ್ರು. ಮೋಟಾರು ಹೋತು. ಕಣ್ಣ ಮುಂದ ಹೋತು."

ಅಕ್ಕ ಫೋನ್ ಕಸಿದುಕೊಂಡಳು. "ಹೋಗ್ಲಿ ಬಿಡ್ರಿ... ಉಂಡ್ರ್ಯಾ?" ಎಂದಳು.

ಈಗ ಹಬ್ಬದ ಸಿನಿಮಾದ ನಡುವೆ ಜಾಹೀರಾತು ಬಂದರೆ, ಅಕ್ಕ ಇರಲಿ ಬಿಡಲಿ, ನಮ್ಮ ಮನೆಯ ಟಿವಿ ಡ್ಯಾಂ ಸುದ್ದಿಗೆ ಹೋಗುತ್ತದೆ. ಮಾವನಿಗೆ ಇನ್ನೊಂದು ಮೋಟಾರು ಹುಡುಕಿ ತಂದುಕೊಟ್ಟೆ. ಈ ಸಲ ಬುದ್ಧಿಮಾತು ಬೇರೆ ಇತ್ತು: "ಹಳೇದು ಐತ್ರಿ ಮಾವ, ಅಷ್ಟೇನೂ ಚಲೋ ಇಲ್ಲ. ನೀರು ಬಂದ್ರ ಬಿಟ್ಟು ಓಡ್ರಿ."

ಮಾವ ಹೂಂ ಎಂದರು. ಹೆಗಲ ಟವೆಲು ತೆಗೆದು ಮೋಟಾರಿನ ಮೇಲಿನ ಧೂಳನ್ನು ಮೆಲ್ಲಗೆ, ಮಗುವಿನ ಮೈ ಒರೆಸಿದಂತೆ ಒರೆಸಿದರು.

"ಏ, ಭಾಳ ಚಲೋ ಐತಲೋ," ಎಂದರು.