ಹಸಿರು ಬಟ್ಟೆ ನಮ್ಮ ಮನೆಯದು

ಮಹೆಬೂಬ, ವಾಡಿಯಲ್ಲಿ ನಿನಗೆ ಸಿಗಬೇಕಿದ್ದ ಸರಕಾರಿ ನೌಕರಿ ತಪ್ಪಿಸಿದವರು ನಿನ್ನ ದೊಡ್ಡಪ್ಪ ಅಲ್ಲ. ನಾನು. ಹೇಳಬೇಕು ಹೇಳಬೇಕು ಅಂತಲೇ ಮುದುಕನಾದೆ. ಇನ್ನು ಹೊತ್ತುಕೊಂಡು ತಿರುಗಲು ಆಗುವುದಿಲ್ಲ — ಸಾಕಾಗಿದೆ.

ಬ್ರಿಟಿಷರ ಕಾಲದಲ್ಲಿ ಮುಸಲ್ಮಾನರಿಗೆ ಬೇರೆ ದೇಶವೇ ಬೇಕೆಂಬ ಚಳವಳಿ ಎದ್ದಾಗ ನಾವಿಬ್ಬರೂ ಇನ್ನೂ ಹುಟ್ಟಿರಲಿಲ್ಲ. ಮುಂಬೈ ಗಿರಣಿಯಲ್ಲಿದ್ದ ನಿನ್ನ ದೊಡ್ಡಪ್ಪ ಖಾಸಿಂ ಸಾಹೇಬರು ಆ ಹುಚ್ಚು ಹಚ್ಚಿಕೊಂಡು ಶಹಾಬಾದಿಗೆ ಬಂದರಂತೆ. ಗಣಿಯಲ್ಲಿ ಫರಸಿ ಕಲ್ಲು ಸೀಳುತ್ತಿದ್ದ ನಿನ್ನ ಅಪ್ಪನನ್ನೂ ಕರೆದರಂತೆ. "ನಮ್ಮವ್ವನ ಗೋರಿ ಇಲ್ಲೇ ಅದ ಅಣ್ಣಾ, ನನಗ್ಯಾಕ ಬ್ಯಾರೆ ದೇಶ?" ಎಂದು ನಿನ್ನ ಅಪ್ಪ ಉಳಿದುಬಿಟ್ಟ. ದೇಶ ಎರಡಾದ ಮೇಲೆ ದೊಡ್ಡಪ್ಪ ಒಬ್ಬರೇ ಹೋದರು. ಇದು ನಿನಗೆ ಗೊತ್ತಿರುವ ಕತೆ.

ನಿನಗೆ ಗೊತ್ತಿಲ್ಲದ್ದು ಇಲ್ಲಿದೆ. ಹುಟ್ಟಿದಾಗ ನಾನು ಬದುಕುವ ಕೂಸಾಗಿರಲಿಲ್ಲ. ನಮ್ಮವ್ವ ನಿಮ್ಮ ಮೊಹರಂ ದೇವರಿಗೆ ಹರಕೆ ಹೊತ್ತಳು, ನಾನು ಉಳಿದೆ. ಅಂದಿನಿಂದ ಪ್ರತಿ ಮೊಹರಂಗೆ ಅವಳದೊಂದು ಹಸಿರು ಬಟ್ಟೆ ದೇವರ ಕೈಯಾಕಾರದ ಪಂಜಾಕ್ಕೆ. ಹಬ್ಬ ಮುಗಿದ ಮೇಲೆ ಅದು ಹರಕೆ ಹೊತ್ತ ನಮ್ಮ ಮನೆಯ ಮಾಳಿಗೆಯ ಮೇಲೆ ಹಾರಬೇಕು. ಆದರೆ ನಮ್ಮಪ್ಪ ಕೊರಳಿನ ಲಿಂಗ ಬಿಟ್ಟರೆ ಬೇರೆ ದೇವರಿಲ್ಲ ಎನ್ನುವ ಗಟ್ಟಿ ಮನುಷ್ಯ. ಹಾಗಾಗಿ ನಿನ್ನ ಅಪ್ಪ ಅದನ್ನು ತನ್ನ ಮಾಳಿಗೆಯ ಮೇಲೆ ಕಟ್ಟುತ್ತಿದ್ದ. ಯಾರ ಹರಕೆ ಎಂದು ಬಾಯಿ ಬಿಡುತ್ತಿರಲಿಲ್ಲ, ನಿನ್ನ ಹತ್ತಿರವೂ.

ದೊಡ್ಡಪ್ಪ ಹೋದ ಆ ದೇಶದೊಡನೆ ಯುದ್ಧ ಮುಗಿದ ಹೊಸತು. ನಾನಾಗಲೇ ಸಾಲೆ ಮಾಸ್ತರ. ನಿನ್ನ ನೌಕರಿಯ ಬಗ್ಗೆ ಚೌಕಶಿ ಮಾಡಿ ವರದಿ ಕೊಡಲು ಪೊಲೀಸಿನವನೊಬ್ಬ ನನ್ನ ಹತ್ತಿರ ಬಂದ. "ಅವರ ದೊಡ್ಡಪ್ಪನ ಕತಿ ಹಳೀದು, ಬಿಡ್ರಿ. ಈ ಮನಿಯವರೂ ಆ ಪೈಕಿನೇ ಏನು? ವರ್ಷಾ ಹಸಿರು ನಿಶಾನಿ ಏರಸ್ತಾರಂತಲ್ಲ, ಖರೇ ಏನ್ರಿ?"

"ಹೌದ್ರಿ, ಏರಸ್ತಾರ," ಎಂದೆ.

ಅಷ್ಟೇ. ಅದು ನಮ್ಮವ್ವನ ಬಟ್ಟೆ, ನನ್ನ ಜೀವಕ್ಕೆ ಹೊತ್ತ ಹರಕೆ — ಇಷ್ಟನ್ನು ಹೇಳದೆ ಬಿಟ್ಟೆ. ಅಪ್ಪನಿಗೆ ತಿಳಿದರೆ ಎಂಬ ಭಯ. ಸಂಶಯ ನಮ್ಮ ಮನೆಗೂ ಅಂಟಿದರೆ ಎಂಬ... ಏನೋ ಒಂದು. ಬಂದವನು ಅದನ್ನು ಆ ದೇಶದ ಬಾವುಟವೆಂದೇ ತಿಳಿದು, ತಲೆಯಾಡಿಸಿ ಎದ್ದು ಹೋದ. ನಿನ್ನನ್ನು ನೌಕರಿಯಿಂದ ಯಾಕೆ ಕೈಬಿಟ್ಟರೆಂದು ಯಾರೂ ಹೇಳಲಿಲ್ಲ. ದೊಡ್ಡಪ್ಪನಿಂದಲೇ ಹೀಗಾಯಿತೆಂದು ನೀನೇ ತಿಳಿದುಕೊಂಡೆ. ನಾನು ನಿನ್ನ ಪಕ್ಕದಲ್ಲೇ ಕೂತು ಹೂಂಗುಟ್ಟಿದೆ. ನೀನು ಅಪ್ಪನಂತೆ ಗಣಿಗಿಳಿದೆ. ಆ ಧೂಳು ಈಗ ನಿನ್ನ ಎದೆಯಲ್ಲಿದೆ.

ಮುಪ್ಪಿನಲ್ಲಿ ದೊಡ್ಡಪ್ಪ ವೀಸಾ ಮಾಡಿಸಿಕೊಂಡು ಬಂದು ನಿನ್ನ ಬಾಗಿಲಲ್ಲಿ ನಿಂತರಲ್ಲ — "ನಿಮ್ಮ ಹೊಸಾ ದೇಶ ನನ್ನ ಅನ್ನ ತಿಂದದ, ಹೋಗ್ರಿ" ಎಂದು ನೀನು ಕದ ಹಾಕಿಕೊಂಡೆ. ಅವರನ್ನು ವಾಡಿ ಸ್ಟೇಷನ್ನಿಗೆ ಕರೆದೊಯ್ದವನು ನಾನು. ರೈಲು ಬರುವ ತನಕ ಅವರು ನನ್ನ ಕೈ ಬಿಡಲಿಲ್ಲ.

"ಅವನ ಸಿಟ್ಟು ಬರೋಬರಿ ಅದರಿ ಮಾಸ್ತರ್. ಹರೇದಾಗ ನಾ ದೇಶ ಬೇಡಿದೆ, ಹುಡುಗನ ಬಾಳ್ವೆ ಹೋಯ್ತು. ನಿಮ್ಮ ದೊಡ್ಡಪ್ಪ ಮಾಫ್ ಮಾಡು ಅಂದಾರಂತ ಅವಗ ಹೇಳ್ರಿ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಳಿದರೆ ನೀನು ಕರಗುತ್ತೀ, ಇಬ್ಬರಲ್ಲಿ ಮಾತು ಶುರುವಾಗುತ್ತದೆ, ಎಲ್ಲಿಂದಲೋ ಬಟ್ಟೆಯ ಸುದ್ದಿ ಹೊರಬೀಳುತ್ತದೆ — ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮಾಡದ ತಪ್ಪನ್ನು ಒಪ್ಪಿಕೊಂಡೇ ಅವರು ಅಲ್ಲಿ ತೀರಿಹೋದರು. ಸುದ್ದಿ ಬಂದ ದಿನ ನೀನು ಅಳಲಿಲ್ಲ. ಆ ಅಳುವನ್ನೂ ನಾನೇ ಕಸಿದುಕೊಂಡೆ.

ಇಷ್ಟೂ ಇನ್ನೂ ನನ್ನೊಳಗೇ ಹೇಳಿಕೊಂಡದ್ದು; ಇವತ್ತು ಸಂಜೆ ನೀನು ಚಹಾಕ್ಕೆ ಬರುತ್ತೀ. ಮೊದಲು ದೊಡ್ಡಪ್ಪನ ಮಾತು ಮುಟ್ಟಿಸುತ್ತೇನೆ, ಆಮೇಲೆ ನನ್ನದು. ನನಗಾಗಿ ಮಾಫಿ ಮಾತ್ರ ಕೇಳುವುದಿಲ್ಲ, ಮಹೆಬೂಬ. ಕೇಳಿದರೆ ನೀನು ಕೊಟ್ಟುಬಿಡುತ್ತೀ.